ಮಾವನ ಮೌಸನ್ನು ಹಿಡಿದಿಟ್ಟವರಾರು?

ನನ್ನ ಸೋದರಮಾವ ದೇವರನ್ನು ನಂಬುತ್ತಾರೆ. ಆದರೆ ದೇವರ ಫೋಟೊ ನೇತುಹಾಕಿದ ಮೊಳೆಯನ್ನು ಮಾತ್ರ ನಂಬುವುದಿಲ್ಲ! ಬೆಳಿಗ್ಗೆ ಎದ್ದು ಮೊದಲು ಮೊಳೆಯನ್ನು ಅಲ್ಲಾಡಿಸಿ ನೋಡಿ, ಆಮೇಲೆ ಕೈಮುಗಿಯುತ್ತಾರೆ. ಹಾಲನ್ನು ಕಣ್ಣೆದುರಿಗೇ ಕರೆಸಿಕೊಳ್ಳುತ್ತಾರೆ. ಇನ್ನೇನು ಅನುಮಾನ ಅಂತೀರಾ? "ಕರೆಯೋಕೆ ಮುಂಚೆ ಇದು ಎಷ್ಟು ನೀರು ಕುಡ್ದಿತ್ತು?" ಎಂದು ಹಸುವಿನ ಮುಖವನ್ನೇ ದುರುಗುಟ್ಟಿ ನೋಡುತ್ತಾರೆ.

ಅವರಾದರೂ ಏನು ಮಾಡಿಯಾರು? ನಿವೃತ್ತಿಯಾಗುವವರೆಗೂ ಸೋಂಪುರದ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತು, ಹೋಗುವವರ ಬರುವವರ ಚೀಲ ತಡಕಿದವರು. ಕೆಲಸ ಮುಗಿಸಿ ರಾಜಘಟ್ಟದ ಮನೆ ಸೇರಿಕೊಂಡರೂ ಗೇಟು ಅವರನ್ನು ಬಿಡಲಿಲ್ಲ. ನಮ್ಮ ಮನೆಗೆ ಬಂದರೆ, ಹೊರಡುವಾಗ ತಮ್ಮ ಚೀಲವನ್ನೇ ನನ್ನಮ್ಮನ ಮುಂದೆ ಬಿಚ್ಚಿ ಹಿಡಿದು, "ನೋಡ್ಕೊಂಡ್ಬಿಡಕ್ಕಾ, ಆಮೇಲೆ ಮಾತು ಬೇಡ" ಅನ್ನುತ್ತಾರೆ. ಒಮ್ಮೆ ಅಮ್ಮ ರೇಗಿ ನಿಜವಾಗಿಯೂ ಕೈಹಾಕಿ ತಡಕಿಬಿಟ್ಟಳು. ಮಾವನ ಮುಖ ಅರಳಿತು. "ಈಗ ಬುದ್ಧಿ ಬಂತು ನೋಡು ನಿಂಗೆ!"

ಇಂಥವರ ಮನೆಗೆ ವೈರಿಲ್ಲದ ಕೀಬೋರ್ಡು, ಮೌಸು ಬಂದರೆ ಏನಾಗಬೇಡ? ಹೊಸಕೋಟೆಯಲ್ಲಿರುವ ಮಗಳು ತನ್ನ ಹಳೇ ಕಂಪ್ಯೂಟರಿಗೆ ಅವೆರಡನ್ನೂ ಹೊಸದಾಗಿ ಜೋಡಿಸಿ ಕೊಟ್ಟುಹೋದಳು. ಮಾವ ಮೌಸನ್ನು ತಿರುಗಿಸಿ ಮುರುಗಿಸಿ ನೋಡಿ, ಅಂದೇ ನನಗೆ ಫೋನು ಮಾಡಿದರು. "ವೈರಿಲ್ದೆ ಗಾಳೀಲಿ ಹೋಗುತ್ತೆ ಅಂದ್ರೆ, ಮಧ್ಯದಲ್ಲಿ ಯಾರ್ ಬೇಕಾದ್ರೂ ಹಿಡ್ಕೋಬಹುದಲ್ವೇನಮ್ಮ?" ದೊಡ್ಡಬಳ್ಳಾಪುರದ ಆಫೀಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು. ನಮ್ಮ ಕುಲದಲ್ಲಿ ಅಷ್ಟು ಸಾಕು, ಇಂಜಿನಿಯರ್ ಆದಂತೆಯೇ!

ಹಿಡಿದುಕೊಳ್ಳುವವರು ಬೇಗನೆ ಸಿಕ್ಕರು. ಕಂಪ್ಯೂಟರು ಸ್ವಲ್ಪ ಹೊತ್ತು ಸುಮ್ಮನಿದ್ದರೆ ನಿದ್ದೆಹೋಗುತ್ತಿತ್ತು. ಎಬ್ಬಿಸಿದಾಗ ಪರದೆಯ ಬಾಣ ನಿಂತಲ್ಲೇ ನಿಂತು, ಆಮೇಲೆ ಎತ್ತಿನಗಾಡಿಯ ಹಾಗೆ ಹೊರಡುತ್ತಿತ್ತು. ಅಕ್ಷರ ಒತ್ತಿದರೆ ತಡವಾಗಿ ಮೂಡುತ್ತಿತ್ತು. ಪಕ್ಕದ ಮನೆಯವರು ಆಗತಾನೆ ವೈಫೈ ಹಾಕಿಸಿದ್ದರು. ಮಾವ ಸೀದಾ ಹೋಗಿ ಬಾಗಿಲು ಬಡಿದರು.

"ನಮ್ ಮೌಸ್‌ನ ನೀವು ಹಿಡ್ದಿಟ್ಕೋತಿದ್ದೀರ!"

ಆ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು, "ನಿಮ್ಮನೆ ಇಲಿ ನಮಗ್ಯಾಕಣ್ಣ? ನಮ್ಮಟ್ಟದ ಮೇಲೇ ಬೇಕಾದಷ್ಟವೆ, ಬಂದು ತಗೊಂಡೋಗಿ!" ಅಂದರಂತೆ.

ಅಲ್ಲಿಂದ ಅನುಮಾನ ಸೆಲ್ಲಿನ ಮೇಲೆ ಹೊರಳಿತು. ಅಂಗಡಿಯವನು ಡೂಪ್ಲಿಕೇಟ್ ಕೊಟ್ಟಿದ್ದಾನೆ! ಮೌಸಿನ ಸೆಲ್ಲನ್ನು ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ, ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕಾವಲು ಕೂತರು. ಗಡಿಯಾರ ಲಕ್ಷಣವಾಗಿ ಓಡಿತು. ಅಂಗಡಿಯವನು ಬಚಾವಾದ. ಗಡಿಯಾರದ ಮೇಲೆ ಅನುಮಾನ ಶುರುವಾಯಿತು!

ಕೊನೆಗೆ ಒಂದು ಭಾನುವಾರ ನಾನೇ ಬಸ್ಸು ಹತ್ತಿ ಹೋದೆ. ಮಾವ ನನ್ನ ಪಕ್ಕದಲ್ಲೇ ನಿಂತರು.

"ಮುಟ್ಟೋ ಮುಂಚೆ ಏನ್ ಮಾಡ್ತೀಯ ಅಂತ ಹೇಳ್ಬಿಡು."

"ಮಾವ, ನನ್ನ ಮೇಲೂ ಅನುಮಾನವಾ?"

"ಛೇ ಛೇ! ನಿನ್ನ ಮೇಲಲ್ಲ. ನಿನ್ನ ಕೈ ಮೇಲೆ."

ಬಗ್ಗಿ ನೋಡಿದೆ. ಮೌಸಿನ ಮಾತು ಕೇಳಿಸಿಕೊಳ್ಳುವ ಉಗುರಿನಷ್ಟು ಚಿಕ್ಕ ರಿಸೀವರ್ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೊಂದು ಕಬ್ಬಿಣದ ಬೀರು. ಪಾಪ, ಅದಕ್ಕೆ ಏನು ತಾನೇ ಕೇಳಿಸೀತು? ಒಂದು ತುಂಡು ವೈರು ಹಾಕಿ ಅದನ್ನು ಮೇಜಿನ ಮುಂದಕ್ಕೆ ತಂದಿಟ್ಟೆ. ಆಮೇಲೆ ಸೆಟ್ಟಿಂಗ್ಸ್ ತೆರೆದೆ. ಕರೆಂಟ್ ಉಳಿಸಲು ಕಂಪ್ಯೂಟರು ಈ ರಿಸೀವರನ್ನು ಆಫ್ ಮಾಡಬಹುದು ಎಂಬಲ್ಲಿ ಟಿಕ್ ಬಿದ್ದಿತ್ತು. ಅದನ್ನು ತೆಗೆದೆ.

"ಅಂದ್ರೆ ನನ್ನ ಕೇಳ್ದೆ, ನಮ್ಮನೆ ಕರೆಂಟ್‌ನ ಇದು ಉಳಿಸ್ತಿತ್ತಾ?" ಮಾವ ಕಂಪ್ಯೂಟರನ್ನು ತಲೆಯಿಂದ ಬುಡದವರೆಗೆ ನೋಡಿದರು. "ನಂಗೆ ಮೊದಲಿಂದ್ಲೂ ಇದರ ಮೇಲೇ ಡೌಟಿತ್ತು!"

ಕಂಪ್ಯೂಟರನ್ನು ಮಲಗಿಸಿದೆ, ಎಬ್ಬಿಸಿದೆ. ಬಾಣ ಚಂಗನೆ ಓಡಿತು. ನಗು ತಡೆಯಲಾರದೆ ಕೇಳಿದೆ: "ಅಲ್ಲ ಮಾವ, ಎಬ್ಬಿಸಿ ಒಂದು ಗಳಿಗೆ ಕಾದ್ರೆ ತಾನೇ ಸರಿಹೋಗ್ತಿತ್ತಲ್ಲ. ಅಷ್ಟಕ್ಕೇ ಊರೆಲ್ಲ ಜಗಳ ಆಡ್ಬೇಕಿತ್ತಾ?"

ಮಾವ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಇದು ನಂಗಲ್ಲ ಕಣಮ್ಮ. ನಿಮ್ಮತ್ತೆಗೆ. ಹೋದ್ವರ್ಷ ಲಕ್ವ ಹೊಡೀತಲ್ಲ, ಬಲಗೈ ಬೆರಳು ಆಡಿಸ್ತಾ ಇರ್ಲಿ ಅಂದ್ರು ಡಾಕ್ಟ್ರು. ಇದ್ರಲ್ಲಿ ಇಸ್ಪೀಟ್ ಎಲೆ ಜೋಡಿಸೋ ಆಟ ಐತಲ್ಲ, ಅದನ್ನ ಆಡ್ತಾಳೆ. ಈ ಬಾಣ ನಿಂತ್ಕೊಂಡಾಗ್ಲೆಲ್ಲ ಕೈ ತೆಗ್ದು ಮಡಿಲಲ್ಲಿ ಇಟ್ಕೊಂಡ್ಬಿಡ್ತಾಳೆ. ಮತ್ತೆ ಕೈ ಹೋಯ್ತು ಅಂದ್ಕೋತಾಳೆ. ಕಂಪ್ಯೂಟರ್‌ದು ತಪ್ಪು ಕಣೇ ಅಂದ್ರೆ ನಂಬಲ್ಲ. ಸಮಾಧಾನಕ್ಕೆ ಹೇಳ್ತೀರಿ ಅಂತಾಳೆ."

ನನ್ನ ನಗು ಅಲ್ಲೇ ನಿಂತಿತು. ಅಷ್ಟರಲ್ಲಿ ಮಾವ ಮನೆ ಹಾರಿಹೋಗುವಂತೆ ಕೂಗಿದರು. "ಲೇ, ಬಾರೇ ಇಲ್ಲಿ! ಕಳ್ಳ ಸಿಕ್ಕಿಬಿದ್ದ!"

ಅತ್ತೆ ಗಾಬರಿಯಿಂದ ಬಂದರು. ಮಾವ ನನ್ನ ಕಡೆ ತಿರುಗಿದರು. "ಹೇಳಮ್ಮ. ಇನ್ನೊಂದ್ಸಲ ಬಿಡಿಸಿ ಹೇಳು."

ರಿಸೀವರು, ಬೀರು, ಟಿಕ್ಕು, ಎಲ್ಲವನ್ನೂ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ ಕೇಳಿದರು: "ಹಂಗಾದ್ರೆ ತಪ್ಪು ನನ್ ಕೈದಲ್ವಾ?"

"ನಿನ್ ಕೈದು ಅಂತ ಯಾರಂದಿದ್ರು?" ಮಾವ ಗದರಿದರು. "ಊರ್ನೋರ್ನೆಲ್ಲ ಅನುಮಾನಿಸಿದ್ದೀನಿ. ನಿನ್ ಕೈನ ಯಾವತ್ತಾದ್ರೂ ಅನುಮಾನಿಸಿದ್ನಾ?"

ಅತ್ತೆ ಕುರ್ಚಿಯಲ್ಲಿ ಕೂತರು. ನಾವು ಮಾತಾಡುವಷ್ಟರಲ್ಲಿ ಕಂಪ್ಯೂಟರು ಮತ್ತೆ ನಿದ್ದೆಹೋಗಿತ್ತು. ಅವರು ಮೌಸಿನ ಮೇಲೆ ಕೈಯಿಟ್ಟು, ತೋರುಬೆರಳನ್ನು ನಿಧಾನವಾಗಿ ಒತ್ತಿದರು. ಪರದೆ ಬೆಳಗಿತು. ಬಾಣ ಅವರ ಕೈ ಹೋದತ್ತ ಹೋಯಿತು.

ಅತ್ತೆಯ ಜೊತೆ ಬಾಣ ಓಡುವುದನ್ನು ನೋಡಿದವಳು ನಾನೊಬ್ಬಳೇ. ಮಾವ ಪರದೆಯ ಕಡೆ ತಿರುಗಿಯೇ ಇರಲಿಲ್ಲ. ಹಿಂದೆ ನಿಂತು, ಅತ್ತೆಯ ಬೆರಳುಗಳನ್ನೇ ನೋಡುತ್ತಿದ್ದರು.