ರಿಬ್ಬನ್ ಕಟ್ಟಿದ ಕುಂಬಳಕಾಯಿ

ಕಾರ್ಲ್ಸ್‌ರುಹೆ ಊರನ್ನು ಬೀಸಣಿಗೆಯ ಆಕಾರದಲ್ಲಿ ಕಟ್ಟಿದ್ದಾರೆ. ಅರಮನೆಯೇ ಹಿಡಿ, ಬೀದಿಗಳೆಲ್ಲ ಗರಿ. ಇಂಥ ಊರಿನಲ್ಲಿ ನೆಲೆಸಿದ ಮನುಷ್ಯನಿಗೆ ಹಾಡಹಗಲೇ ಕಣ್ಣು ಎಳೆದರೆ ಅದು ಅವನ ದೋಷವಲ್ಲ, ನಗರ ಯೋಜನೆಯ ಪರಿಣಾಮ. ಇದನ್ನು ನಾನು ನನ್ನ ಹೆಂಡತಿ ಶಾರದೆಗೆ ಹಲವು ಬಾರಿ ವಿವರಿಸಿದ್ದೇನೆ. ಆಕೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಪುರಾವೆ ಇಲ್ಲದೆ ಏನನ್ನೂ ಒಪ್ಪುವ ಪೈಕಿಯವಳಲ್ಲ.

ನಾನು ಮೈಸೂರಿನ ಬ್ಯಾಂಕೊಂದರಿಂದ ಸ್ವಯಂ ನಿವೃತ್ತಿ ಪಡೆದು ಆಕೆಯ ಹಿಂದೆ ಬಂದವನು. ಇಲ್ಲಿ ನನ್ನ ಹುದ್ದೆ ಗಂಡ. ಪೂರ್ಣಾವಧಿ ಕೆಲಸ, ಬಡ್ತಿ ಇಲ್ಲ.

ಶಾರದೆ ಸೈಕಲ್ ಏರಿ ಹೋದ ಮೇಲೆ ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಕೂರುತ್ತಿದ್ದೆ. ಟ್ರಾಮ್ ಹಳಿಯ ಆಚೆ ಪುಟ್ಟ ಪುಟ್ಟ ತೋಟಗಳ ಒಂದು ಕಾಲೊನಿ ಇದೆ. ಫ್ಲಾಟುಗಳಲ್ಲಿ ವಾಸಿಸುವ ಜನ ತೋಟಗಾರರ ಸಂಘದಿಂದ ಒಂದೊಂದು ತುಂಡು ನೆಲ ಪಡೆದು ಅಲ್ಲಿ ಸೇಬು, ಸೊಪ್ಪು, ಗುಲಾಬಿ ಬೆಳೆಯುತ್ತಾರೆ. ಪ್ರತಿ ತೋಟಕ್ಕೂ ಬೊಂಬೆಮನೆಯಂಥ ಮರದ ಗುಡಿಸಲು. ಅದರ ಮುಂದೆ ಒಂದು ಆರಾಮ ಕುರ್ಚಿ. ಮಧ್ಯಾಹ್ನದ ಬಿಸಿಲು ಜೇನಿನಂತೆ ಆ ಕುರ್ಚಿಗಳ ಮೇಲೆ ಇಳಿಯುವುದನ್ನು ನೋಡುತ್ತ ನೋಡುತ್ತ ನಾನೂ ಅಲ್ಲಿಗೆ ಹೋಗಿಬಿಡುತ್ತಿದ್ದೆ. ನನ್ನದೇ ತೋಟ. ಒಂದು ಮಡಿ ಮೆಂತ್ಯ, ಒಂದು ಚಪ್ಪರ ಅವರೆ. ತಲೆಯ ಮೇಲೆ ಸೇಬಿನ ನೆರಳು. ಎಲ್ಲೋ ಟ್ರಾಮಿನ ಗಂಟೆ, ದೇವಸ್ಥಾನದ ಗಂಟೆಯಷ್ಟೇ ಮೆತ್ತಗೆ. ಎಚ್ಚರವಾಗುವ ಹೊತ್ತಿಗೆ ಕಾಫಿ ತಣ್ಣಗಾಗಿ, ಕೆನೆ ಕಟ್ಟಿ, ಒಂದು ನೊಣ ಅದರ ಮೇಲೆ ನನ್ನ ಹಾಗೆಯೇ ವಿಶ್ರಮಿಸುತ್ತಿರುತ್ತಿತ್ತು.

ಆದರೆ ತೋಟ ಸಿಗುವುದು ಸುಲಭವಲ್ಲ. ಯಾರಾದರೂ ಬಿಟ್ಟುಕೊಡಬೇಕು, ಹಳೆಯ ಸದಸ್ಯರೊಬ್ಬರು ನಮ್ಮ ಪರವಾಗಿ ಮಾತಾಡಬೇಕು. ನನಗೆ ಪರಿಚಯವಿದ್ದ ಏಕೈಕ ಹಳೆಯ ಸದಸ್ಯರೆಂದರೆ ನಮ್ಮ ಕಟ್ಟಡದ ಕೆಳಮಹಡಿಯ ಹೆರ್ ಕ್ರಾಮರ್, ಎಂದರೆ ಶ್ರೀಯುತ ಕ್ರಾಮರ್. ನಿವೃತ್ತ ಟ್ರಾಮ್ ಚಾಲಕರು. ಅವರು ನಗುವುದನ್ನು ಕಂಡವರಿಲ್ಲ, ಕೊಟ್ಟ ಮಾತು ತಪ್ಪಿದ್ದನ್ನೂ ಕಂಡವರಿಲ್ಲ. ನನಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗಾಗಿ ನಮ್ಮ ಸ್ನೇಹಕ್ಕೆ ಅಡ್ಡಿಯೇ ಇರಲಿಲ್ಲ.

ಆ ಸೆಪ್ಟೆಂಬರ್ ಕೊನೆಯಲ್ಲಿ ಅವರು ಮೆಟ್ಟಿಲ ಬಳಿ ಶಾರದೆಯನ್ನು ನಿಲ್ಲಿಸಿ ಏನೋ ಹೇಳಿದರು.

"ರೀ, ಅವರ ಪಕ್ಕದ ತೋಟ ಖಾಲಿ ಆಗತ್ತಂತೆ," ಅಂದಳು ಶಾರದೆ ಮೇಲೆ ಬಂದು. "ಬರೋ ಭಾನುವಾರ ಸಂಘದಲ್ಲಿ ಸುಗ್ಗಿ ಹಬ್ಬ. ಅಲ್ಲಿ ಅಧ್ಯಕ್ಷೆಗೆ ನಿಮ್ಮನ್ನ ಪರಿಚಯ ಮಾಡಿಸ್ತಾರಂತೆ. ಅಲ್ಲಿಯ ಬೆಳೆ ಸ್ಪರ್ಧೆಗೆ ಕ್ರಾಮರ್ ಅವರದ್ದೂ ಏನೋ ಇದೆಯಂತೆ. ಏನು ಅಂತ ಮಾತ್ರ ಹೇಳಲ್ಲ."

ಏನೋ ಇದೆಯೆಂಬುದು ನನಗೂ ಗೊತ್ತಿತ್ತು. ಅವರ ತೋಟದ ಮೂಲೆಯಲ್ಲಿ ಬೇಸಗೆಯಿಡೀ ಒಂದು ಬಿಳಿಯ ಹೊದಿಕೆ, ಅದರ ಕೆಳಗೆ ದಿನೇ ದಿನೇ ಉಬ್ಬುತ್ತಿರುವ ಏನೋ ಒಂದು. ನಾನು ಹಲವಾರು ಊಹೆ ಮಾಡಿದ್ದೆ. ಪ್ರತಿ ಊಹೆಯ ಮಧ್ಯದಲ್ಲೂ ನಿದ್ದೆ ಬಂದಿತ್ತು.

"ನೋಡ್ತಾ ಇರು," ಎಂದೆ ನಾನು. "ಇನ್ನು ಒಂದು ವಾರ. ಆಮೇಲೆ ನಾನು ಈ ಊರಿನವನೇ!"

ಈ ಆತ್ಮವಿಶ್ವಾಸಕ್ಕೆ ಕಾರಣವಿತ್ತು. ಊರಿನ ಸಂಪ್ರದಾಯಗಳಲ್ಲಿ ಒಂದನ್ನು ನಾನು ಕರತಲಾಮಲಕ ಮಾಡಿಕೊಂಡಿದ್ದೆ. ಇಲ್ಲಿಯ ಜನ ತಮಗೆ ಬೇಡವಾದ ವಸ್ತುವನ್ನು ಒರೆಸಿ, ತೊಳೆದು, ಫುಟ್‌ಪಾತಿನ ಮೇಲಿಟ್ಟು, 'ಬೇಕಾದವರು ಒಯ್ಯಬಹುದು' ಎಂಬ ಚೀಟಿ ಅಂಟಿಸುತ್ತಾರೆ. ನಮ್ಮ ಮನೆಯ ದೀಪ, ಪುಸ್ತಕದ ಕಪಾಟು, ಇಡ್ಲಿ ಹಿಟ್ಟು ಹುದುಗಿಸುವ ಪಿಂಗಾಣಿ ಪಾತ್ರೆ, ಎಲ್ಲವೂ ಈ ಮಹಾಜನತೆಯ ಕೊಡುಗೆ. ತೋಟದವರಂತೂ ಹೆಚ್ಚಾದ ಸೇಬು, ಸೋರೆಕಾಯಿಯಂಥದ್ದನ್ನೆಲ್ಲ ಗೇಟಿನ ಹೊರಗೆ ಇಟ್ಟುಬಿಡುತ್ತಾರೆ. 

"ಚೀಟಿ ಇದ್ರೆ ಮಾತ್ರ ತಗೋಬೇಕು ಕಣ್ರೀ," ಎಂದು ಶಾರದೆ ಎಚ್ಚರಿಸುತ್ತಿದ್ದಳು.

"ಚೀಟಿ ಬರೀ ಔಪಚಾರಿಕ. ಇಟ್ಟವರ ಮನಸ್ಸು ನೋಡಬೇಕು," ಎಂದು ನಾನು ಹೇಳುತ್ತಿದ್ದೆ.

ಆ ಭಾನುವಾರ ಬಂತು. ಬೆಳಗ್ಗೆ ಎದ್ದರೆ ಊರೇ ಇಲ್ಲ! ಮಂಜು. ಟ್ರಾಮ್ ಹಳಿ, ಬೇಲಿ, ಸೇಬಿನ ಮರ ಎಲ್ಲವನ್ನೂ ಯಾರೋ ಹಾಲಿನಲ್ಲಿ ನೆನೆಹಾಕಿದ್ದರು. ಇಂಥ ಬೆಳಗಿನಲ್ಲಿ ಮಲಗದೆ ಎದ್ದದ್ದೇ ನನ್ನ ಮೊದಲ ತಪ್ಪು. ಆದರೆ ಏಳಲೇಬೇಕಿತ್ತು. ಬೊಬ್ಲಿಂಗೆನ್‌ನಿಂದ ಬಸವರಾಜ ಬರುವವನಿದ್ದ.

ಬಸವರಾಜ ಹುಬ್ಬಳ್ಳಿಯವನು; ಕಾರು ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಹೊಸ ಕಾರು ಕೊಂಡಿದ್ದ. ಅದಕ್ಕೆ ಆಯುಧಪೂಜೆ ಆಗಬೇಕಿತ್ತು. ಹಬ್ಬ ವಾರದ ನಡುವೆ ಬಂದಿತ್ತಾದರೂ ಜರ್ಮನಿಯಲ್ಲಿ ನಮ್ಮ ದೇವರುಗಳಿಗೂ ರಜೆ ಸಿಗುವುದು ಭಾನುವಾರವೇ. ನನ್ನ ಬಳಿ ಒಂದು ಪಂಚಪಾತ್ರೆ ಉದ್ಧರಣೆ ಇರುವುದರಿಂದಲೂ, ತಲೆ ನರೆತಿರುವುದರಿಂದಲೂ ಸುತ್ತಲಿನ ಕನ್ನಡಿಗರೆಲ್ಲ ಸೇರಿ ನನ್ನನ್ನು ಪುರೋಹಿತನನ್ನಾಗಿ ಮಾಡಿಬಿಟ್ಟಿದ್ದರು. ನನಗೆ ಬರುವ ಮಂತ್ರ ಎರಡೂವರೆ. ಅರ್ಧವನ್ನು ಗಟ್ಟಿಯಾಗಿ ಹೇಳುತ್ತೇನೆ.

ತೋಟಗಳ ಗೇಟಿನ ಬಳಿ ಕಲ್ಲು ಹಾಸಿದ ಜಾಗದಲ್ಲಿ ಕಾರು ನಿಂತಿತ್ತು. ಕಡುನೀಲಿ. ಮಂಜಿನಲ್ಲಿ ದೊಡ್ಡದೊಂದು ನೇರಳೆಹಣ್ಣಿನಂತೆ ಹೊಳೆಯುತ್ತಿತ್ತು.

"ಪೂಜೆ ಮಾಡಿಸದೆ ಬೊಬ್ಲಿಂಗೆನ್‌ನಿಂದ ಓಡಿಸ್ಕೊಂಡು ಬಂದ್ಯಾ?" ಎಂದಳು ಶಾರದೆ, ಆರತಿ ತಟ್ಟೆ ಹಿಡಿದು.

"ಮತ್ತೇನ್ ಹೆಗಲ ಮ್ಯಾಲೆ ಹೊತ್ಕೊಂಡು ಬರ್ಬೇಕಿತ್ತೇನ್ರೀ ಅಕ್ಕಾರ?" ಎಂದ ಬಸವರಾಜ.

ಹೂವಿನ ಹಾರ ಇತ್ತು. ಚಕ್ರಕ್ಕಿಡಲು ನಿಂಬೆಹಣ್ಣು ಇತ್ತು. ಅರಿಸಿನ, ಕುಂಕುಮ, ಕರ್ಪೂರ ಎಲ್ಲ ಇತ್ತು. ಅರ್ಧ ಮಂತ್ರ ಮುಗಿಸಿ ನಾನು ಗಂಭೀರವಾಗಿ ಕೈ ಚಾಚಿದೆ.

"ಎಲ್ಲಿ, ಬೂದುಗುಂಬಳ ಕೊಡು."

ಬಸವರಾಜನ ಮುಖ ಬೂದುಗುಂಬಳದ ಬಣ್ಣಕ್ಕೆ ತಿರುಗಿತು. "ಮರ್ತ ಬಂದೇನ್ರಿ ರಾಯರ!"

"ಅಂಗಡಿಯಿಂದ ಯಾವುದಾದರೂ ಕುಂಬಳ ತಾ ಹಾಗಾದರೆ."

"ಇವತ್ತ ಐತವಾರ ಅಲ್ರೀ. ಎಲ್ಲಾ ಬಂದ್!"

ದೃಷ್ಟಿ ತೆಗೆಯದೆ ಕಾರು ಓಡಿಸುವುದು ಹೇಗೆ? ಬಸವರಾಜನ ಪಕ್ಕದ ಮನೆಯವನು ದಿನವೂ ಕಿಟಕಿಯಿಂದ ಆ ಕಾರನ್ನೇ ನೋಡುತ್ತಿದ್ದನಂತೆ. ಕಣ್ಣು ಮಿಟುಕಿಸದೆ! ನಾನು ಚಿಂತಾಕ್ರಾಂತನಾಗಿ ಬೇಲಿಯ ಗುಂಟ ನಾಲ್ಕು ಹೆಜ್ಜೆ ನಡೆದೆ. ಆಗ ಮಂಜು ಕೊಂಚ ಸರಿಯಿತು.

ಅಲ್ಲಿ ಗೇಟಿನ ಹೊರಗೆ ಒಂದು ತಳ್ಳುಗಾಡಿ. ಗಾಡಿಯಲ್ಲಿ ಹುಲ್ಲಿನ ಹಾಸಿಗೆ. ಹಾಸಿಗೆಯ ಮೇಲೆ, ಆಗತಾನೆ ಉದಯಿಸಿದ ಸೂರ್ಯನಂತೆ, ಒಂದು ಕುಂಬಳಕಾಯಿ! ಅದರ ಮೈ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ತೊಟ್ಟಿಗೆ ಹಸಿರು ರೇಷ್ಮೆ ರಿಬ್ಬನ್ ಬೇರೆ. ನನ್ನ ಕಣ್ಣು ತುಂಬಿ ಬಂತು. ಬೇಡವಾದ ಕಾಯಿಯನ್ನು ಕೊಡುವಾಗಲೂ ಇವರದು ಎಂಥ ಅಚ್ಚುಕಟ್ಟು! ಇಂಥ ಜನರ ನಡುವೆ ನನಗೂ ಒಂದು ತೋಟ ಸಿಗುವುದೆಂದರೆ ಪೂರ್ವಜನ್ಮದ ಪುಣ್ಯ.

"ಚೀಟಿ ಇಲ್ವಲ್ರೀ," ಎಂದಳು ಶಾರದೆ.

"ರಿಬ್ಬನ್ ಇದೆಯಲ್ಲ. ಅದು ಚೀಟಿಗಿಂತ ಒಂದು ಮಟ್ಟ ಮೇಲೆ."

"ಒಂದ್ ಮಾತು ಕೇಳೋಣ ಯಾರನ್ನಾದ್ರೂ..."

"ಈ ಮಂಜಿನಲ್ಲಿ ಯಾರನ್ನ ಕೇಳ್ತೀಯ? ಮುಹೂರ್ತ ಮೀರುತ್ತೆ!"

ಮುಹೂರ್ತ ಇಟ್ಟವನು ನಾನೇ. ಆದರೂ ಮೀರುತ್ತಿತ್ತು.

ಬಸವರಾಜನೂ ನಾನೂ ಸೇರಿ ಅದನ್ನು ಎತ್ತಿದೆವು. ಏನು ಭಾರ! ಮೇಲೆ ಚೌಕಾಕಾರದ ಕಿಂಡಿ ಕೊರೆದು ಕುಂಕುಮ ತುಂಬಿದೆ. ರಿಬ್ಬನ್ ವ್ಯರ್ಥವಾಗಬಾರದೆಂದು ಕಾರಿನ ಕನ್ನಡಿಗೆ ಕಟ್ಟಿದೆ. ಮೇಲೆ ಕರ್ಪೂರ ಹಚ್ಚಿ, ಬಸವರಾಜನ ಕೈಯನ್ನೂ ಸೇರಿಸಿಕೊಂಡು ಕಾರಿಗೆ ಮೂರು ಸುತ್ತು ನಿವಾಳಿಸಿ, ಇಡೀ ಯುರೋಪಿನ ಕೆಟ್ಟ ಕಣ್ಣುಗಳನ್ನು ಒಟ್ಟಾಗಿ ಸಂಬೋಧಿಸಿ ಆ ಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದೆ.

ಧಡ್!

ಭಾನುವಾರ ಗೋಡೆಗೆ ಮೊಳೆ ಹೊಡೆಯಲೂ ಅನುಮತಿಯಿಲ್ಲದ ಊರು ಅದು. ಕಾಗೆಗಳು ಎದ್ದವು. ಆಚೆ ಕಟ್ಟಡದಲ್ಲಿ ಎರಡು ಕಿಟಕಿ ತೆರೆದವು. ಕಿತ್ತಳೆ ಬಣ್ಣದ ಹೋಳುಗಳು, ಕೆಂಪು ಕುಂಕುಮ, ಬೀಜ, ನಾರು ದಿಕ್ಕು ದಿಕ್ಕಿಗೆ ಹಾರಿದವು.

"ಹೂಂ, ಈಗ ನಿಂಬೆಹಣ್ಣಿನ ಮೇಲೆ ಹತ್ತಿಸು!" ಎಂದೆ.

ಬಸವರಾಜ ಭಕ್ತಿಯಿಂದ ಕಾರು ಬಿಟ್ಟ. ನಿಂಬೆಹಣ್ಣು ಪಚಕ್ಕೆಂದಿತು. ಅಲ್ಲಿಗೆ ಶಾಸ್ತ್ರ ಮುಗಿಯಿತು, ಕಾರು ನಿಲ್ಲಲಿಲ್ಲ. ಕುಂಬಳದ ತಿರುಳಿನ ಮೇಲೆ ಚಕ್ರ ಜಾರಿ, ಕಡುನೀಲಿ ಸುಂದರಿ ಕನಸಿನಲ್ಲೆಂಬಂತೆ ನಿಧಾನವಾಗಿ ಓರೆಯಾಗಿ ತೇಲುತ್ತ ಹೋಗಿ ಖಾಲಿ ತಳ್ಳುಗಾಡಿಗೆ ಢಿಕ್ಕಿ ಕೊಟ್ಟಳು. ಬಂಪರಿನಲ್ಲಿ ಒಂದು ಗುಳಿ. ಕಾರಿನ ಜೀವನದ ಮೊದಲ ಗುಳಿ. ಅದನ್ನು ತಡೆಯಲೆಂದೇ ಇಷ್ಟೆಲ್ಲ ಮಾಡಿದ್ದು!

ಆಗ ಮಂಜಿನೊಳಗಿಂದ ಒಂದು ಆಕೃತಿ ಮೂಡಿತು. ಹಬ್ಬದ ಕೋಟು, ಗರಿ ಸಿಕ್ಕಿಸಿದ ಟೋಪಿ. ಹೆರ್ ಕ್ರಾಮರ್! ಸ್ಪರ್ಧೆಗೆ ಹೊರಟವರು, ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ, ಕೋಟು ಹಾಕಿಕೊಂಡು ಬರಲು ಮನೆಗೆ ಹೋಗಿದ್ದರು. ಅಷ್ಟೇ.

ಅವರು ಗಾಡಿ ನೋಡಿದರು. ನೆಲ ನೋಡಿದರು. ಕಾರಿನ ಕನ್ನಡಿಯಲ್ಲಿ ಆಡುತ್ತಿದ್ದ ರಿಬ್ಬನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಅಲ್ಲಿ ಒಂದು ಬೀಜ ಕೂತಿತ್ತು.

ಬಿಳಿಯ ಹೊದಿಕೆಯ ಅಡಿಯಲ್ಲಿ ಬೇಸಗೆಯಿಡೀ ಉಬ್ಬುತ್ತಿದ್ದುದು ಏನೆಂದು ಆಗ ನನಗೆ ತಿಳಿಯಿತು. ಇದು ಕನಸಾಗಿರಲಿ ಎಂದು ಕಣ್ಣು ಮುಚ್ಚಿ ತೆರೆದೆ. ನನ್ನ ಇಡೀ ಜರ್ಮನಿ ವಾಸದಲ್ಲಿ ನಾನು ಸಂಪೂರ್ಣ ಎಚ್ಚರವಾಗಿದ್ದುದು ಅದೊಂದೇ ಬೆಳಗ್ಗೆ.

ಹೆರ್ ಕ್ರಾಮರ್ ಮಂಡಿಯೂರಿ ಒಂದು ಹೋಳನ್ನು ಎತ್ತಿಕೊಂಡರು. ಕೋಟಿನ ತೋಳಿನಿಂದ ಅದರ ಮೇಲಿನ ಕುಂಕುಮ ಒರೆಸಿ ಮೆಲ್ಲಗೆ ಏನೋ ಅಂದರು.

"ಏನಂತೆ?" ಎಂದು ಪಿಸುಗುಟ್ಟಿದೆ.

"ದಿನಾ ಸಂಜೆ ಅದಕ್ಕೆ ಹಾಡು ಹೇಳ್ತಿದ್ರಂತೆ," ಎಂದಳು ಶಾರದೆ.

ತೋಟ ನನ್ನ ಕಣ್ಣೆದುರೇ ಮಸುಕಾಯಿತು. ಮೊದಲು ಅವರೆ ಚಪ್ಪರ, ಆಮೇಲೆ ಮೆಂತ್ಯ, ಕೊನೆಗೆ ಆರಾಮ ಕುರ್ಚಿ. ಆದರೂ ವಿವರಣೆ ಕೊಡುವುದು ಸಭ್ಯನ ಕರ್ತವ್ಯ. ನಾನು ಎದೆ ಸೆಟೆಸಿ, ದೃಷ್ಟಿಯೆಂದರೇನು, ಅದು ಚೆಲುವಾದ ವಸ್ತುವಿಗೆ ಹೇಗೆ ತಾಗುತ್ತದೆ, ಕುಂಬಳಕಾಯಿ ಅದನ್ನು ಹೇಗೆ ತನ್ನ ಮೇಲೆ ಎಳೆದುಕೊಂಡು ಆತ್ಮಾರ್ಪಣೆ ಮಾಡುತ್ತದೆ, ನಿಮ್ಮ ಕಾಯಿಗೆ ಇಂದು ಎಂಥ ಸದ್ಗತಿ ದೊರೆಯಿತು ಎಂಬುದನ್ನೆಲ್ಲ ಕನ್ನಡದಲ್ಲಿ ನಿವೇದಿಸಿದೆ. ಶಾರದೆ ಅದನ್ನು ಜರ್ಮನ್‌ಗೆ ತಿರುಗಿಸಿದಳು. ಒಂದೇ ವಾಕ್ಯ!

"ಏನಂದೆ?"

"ನನ್ನ ಗಂಡನಿಗೆ ಬುದ್ಧಿ ಇಲ್ಲ, ಕ್ಷಮಿಸಿ ಅಂದೆ."

"ನಾನು ಅಷ್ಟೊತ್ತು ಹೇಳಿದ್ದು?"

"ಎಲ್ಲಾ ಅದರಲ್ಲೇ ಬಂತು."

ಪುಣ್ಯಕ್ಕೆ ಹೆರ್ ಕ್ರಾಮರ್ ವಿಷಯ ಪೂರ್ತಿ ತಿಳಿಯಬೇಕೆಂದರು. ಶಾರದೆ ದೃಷ್ಟಿಯ ವಿಚಾರ ಬಿಡಿಸಿ ಹೇಳಿದಳು. ಅವರು ಟೋಪಿ ತೆಗೆದು ಶ್ರದ್ಧೆಯಿಂದ ಕೇಳಿದರು. ಗುಳಿ ಬಿದ್ದ ಬಂಪರನ್ನೊಮ್ಮೆ ಸವರಿದರು. ಬಸವರಾಜ ಬಿಕ್ಕುವಂತೆ ನಿಟ್ಟುಸಿರಿಟ್ಟ. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು.

"ಕಾರಿಗೆ ದೃಷ್ಟಿ ತಾಗದಿರಲಿ ಅಂತ ಕುಂಬಳಕಾಯಿ ಒಡೀತೀರಿ, ಸರಿ. ಕುಂಬಳಕಾಯಿಗೇ ದೃಷ್ಟಿ ತಾಗಿದ್ರೆ ಏನು ಒಡೀತೀರಿ ಅಂತ ಕೇಳ್ತಿದ್ದಾರೆ," ಎಂದಳು ಶಾರದೆ.

ನಾನು ಬಸವರಾಜನನ್ನು ನೋಡಿದೆ. ಅವನು ನನ್ನನ್ನು ನೋಡಿದ. ನಮ್ಮ ಹಿರಿಯರು ಇಷ್ಟು ದೂರ ಯೋಚಿಸಿರಲಿಲ್ಲ.

"ತಲಿ ಒಡ್ಕೋಬೇಕ್ರಿ ರಾಯರ," ಎಂದ ಬಸವರಾಜ.

ಹೆರ್ ಕ್ರಾಮರ್ ಹೋಳುಗಳನ್ನು ಒಂದೊಂದಾಗಿ ಗಾಡಿಯಲ್ಲಿ ಜೋಡಿಸಿದರು. ನಾವೂ ಕೈಹಾಕಿದೆವು. ಶಾರದೆ ಕಲ್ಲುಗಳ ಸಂದಿಯಿಂದ ಬೀಜಗಳನ್ನೆಲ್ಲ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಮನೆಯ ಕಡೆ ಮೆಲ್ಲಗೆ ಜಾರುತ್ತಿದ್ದಾಗ ಹಿಂದಿನಿಂದ ಅವರ ದನಿ ಬಂತು.

"ಎಲ್ಲಿಗೆ ಅಂತಿದ್ದಾರೆ," ಎಂದಳು ಶಾರದೆ. "ಅಧ್ಯಕ್ಷೆಗೆ ಪರಿಚಯ ಮಾಡಿಸ್ತೀನಿ ಅಂತ ಮಾತು ಕೊಟ್ಟಿದ್ರಂತೆ."

ಹೋದೆವು. ಮೆರವಣಿಗೆ ಹೀಗಿತ್ತು: ಮುಂದೆ ಹೆರ್ ಕ್ರಾಮರ್, ನಡುವೆ ಕುಂಬಳಕಾಯಿಯ ಅವಶೇಷ, ಹಿಂದೆ ಕುಂಕುಮ ಮೆತ್ತಿದ ಪಂಚೆಯಲ್ಲಿ ನಾನು. ಹಬ್ಬದ ಮೇಜಿನ ಮೇಲೆ ಇತರರ ಕುಂಬಳಗಳು ಇಡಿಯಾಗಿ ಕೂತು ನಮ್ಮನ್ನು ನೋಡಿದವು. ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡು, ಅಭ್ಯರ್ಥಿಗೆ ತೋಟಗಾರಿಕೆಯ ಯಾವ ಭಾಗದಲ್ಲಿ ಅನುಭವವಿದೆ ಎಂದು ವಿಚಾರಿಸಿದರು. ಹೆರ್ ಕ್ರಾಮರ್ ಗಾಡಿಯತ್ತ ಕೈ ತೋರಿಸಿ ಒಂದೇ ಪದ ಹೇಳಿದರು.

"ಕೊಯ್ಲು."

ಇಡೀ ಸಂಘ ನಕ್ಕಿತು. ಹೆರ್ ಕ್ರಾಮರ್ ಕೂಡ ನಕ್ಕರೆಂದು ಶಾರದೆ ಹೇಳುತ್ತಾಳೆ. ನಾನು ಆಗ ನನ್ನ ಚಪ್ಪಲಿ ನೋಡುತ್ತಿದ್ದೆ.

ತೋಟ ಸಿಕ್ಕಿತು. ಶಾರದೆಯ ಹೆಸರಿಗೆ! ಗಂಡನಾದವನು ಸುಗ್ಗಿಯ ತಿಂಗಳುಗಳಲ್ಲಿ ಒಬ್ಬನೇ ತೋಟದ ಕಡೆ ಸುಳಿಯಕೂಡದೆಂದು ಬಾಯಿಮಾತಿನ ಕರಾರು. ಇದಕ್ಕೆ ನನ್ನ ಆಕ್ಷೇಪವಿಲ್ಲ. ಈಗ ನಿಜಕ್ಕೂ ಆರಾಮ ಕುರ್ಚಿ ಇದೆ, ಸೇಬಿನ ನೆರಳಿದೆ, ಮೆಂತ್ಯದ ಮಡಿಯಿದೆ. ಜೇನಿನ ಬಿಸಿಲು ಇಳಿಯುತ್ತದೆ, ಟ್ರಾಮಿನ ಗಂಟೆ ಮೆತ್ತಗೆ ಕೇಳುತ್ತದೆ. ಬೇಲಿಯಾಚೆ ಹೆರ್ ಕ್ರಾಮರ್ ಶಾರದೆ ಕೊಟ್ಟ ಬೀಜದಿಂದ ಬೆಳೆದ ಹೊಸ ಕುಂಬಳಕ್ಕೆ ಸಂಜೆ ಹಾಡು ಹೇಳುತ್ತಾರೆ. ಅರೆನಿದ್ದೆಯಲ್ಲಿ ನನಗೂ ಕೇಳಿಸುತ್ತದೆ. ಲಾಲಿಯ ಹಾಗಿದೆ.

ಮೊನ್ನೆ ಹಾಗೆ ಕಣ್ಣು ಬಿಟ್ಟಾಗ ಅವರ ಬೇಲಿಯ ಮೇಲೆ ಏನೋ ತೂಗಾಡುತ್ತಿರುವುದು ಕಾಣಿಸಿತು. ದಾರಕ್ಕೆ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ! ಜರ್ಮನಿಯ ನೆಲದಲ್ಲಿ ನಮ್ಮ ಶಾಸ್ತ್ರ ಬೇರುಬಿಟ್ಟಿತಲ್ಲ ಎಂದು ನನ್ನ ಎದೆ ಉಬ್ಬಿತು.

"ನೋಡಿದೆಯಾ ಶಾರದಾ, ನನ್ನ ಪ್ರಭಾವ! ಯಾರ ದೃಷ್ಟಿಗಂತೆ ಅದು? ಆ ಕಡೆ ತೋಟದವರದ್ದಾ?"

ಶಾರದೆ ಮೆಂತ್ಯ ಕೀಳುತ್ತ ತಲೆ ಎತ್ತದೆ ಹೇಳಿದಳು:

"ಅದು ಯಾವ ಕಡೆಗೆ ಕಟ್ಟಿದೆ ನೋಡಿ."

ನೋಡಿದೆ. ನೇರವಾಗಿ ನನ್ನ ಕುರ್ಚಿಯ ಕಡೆಗೆ.