ಮೌತ್‌ಆರ್ಗನ್ನಿಗೆ ಬಿಟ್ಟ ಜಾಗ

ಗುಣಪಾಲನ ಫಜೀತಿಗೆಲ್ಲ ಮೂಲ, ಅವನು ತನ್ನ ಸಂಗೀತದ ನಡುವೆ ಬಿಟ್ಟ ಖಾಲಿ ಜಾಗ.

ಮಲ್ಪೆಯ ಐಸ್ ಪ್ಲಾಂಟಿನಲ್ಲಿ ದುಡಿಯುವ ಆತ ಹಾರ್ಮೋನಿಯಂ, ಪಿಟೀಲು, ದಫ್, ಮೌತ್‌ಆರ್ಗನ್ ಈ ನಾಲ್ಕನ್ನು ಒಂದೇ ಹಗ್ಗಕ್ಕೆ ಕಟ್ಟಿ ಒಂದು ಸಂಗೀತ ರಚಿಸಿದ್ದ. ಹಾರ್ಮೋನಿಯಂ ಅವನದೇ. ಪಿಟೀಲು ಇಗರ್ಜಿಯಲ್ಲಿ ನುಡಿಸುವ ರೇಮಂಡನದು, ದಫ್ ನೆರೆಮನೆಯ ಶೇಕಬ್ಬನದು. ಮೌತ್‌ಆರ್ಗನ್ ಮಾತ್ರ ಶೇಕಬ್ಬನ ತಮ್ಮ ಕುಂಞಿ ಮೊಹಮ್ಮದನ ಜೇಬಿನಲ್ಲಿ ಕುಳಿತು ದುಬೈಗೆ ಹೋಗಿತ್ತು. ಅವನು ಹೋದಂದಿನಿಂದ ದೋಣಿ ನಿಲ್ಲುವ ಧಕ್ಕೆಯ ಕಟ್ಟೆಯ ಮೇಲೆ ಗುಣಪಾಲನ ಪಕ್ಕದಲ್ಲಿ ಗಾಳಿ ಮಾತ್ರ ಕೂರುತ್ತಿತ್ತು.

ಕಾಗದದ ಬದಲು ಕ್ಯಾಸೆಟ್ಟಿನಲ್ಲೇ ಮಾತು ತುಂಬಿ ಕಳಿಸುವ ಕಾಲ. ಈ ಸಂಗೀತ ತುಂಬಿದ ಕ್ಯಾಸೆಟ್ಟನ್ನು ಕುಂಞಿ ಅಲ್ಲಿ ಹಾಕಿ, ತನಗೆಂದು ಬಿಟ್ಟ ಖಾಲಿ ಜಾಗ ಬಂದಾಗ ಊದಿ, ಎಲ್ಲವನ್ನೂ ಇನ್ನೊಂದಕ್ಕೆ ತುಂಬಿಸಿ ಕಳಿಸಿದರೆ ಸಾಕು, ಇಬ್ಬರೂ ಮತ್ತೊಮ್ಮೆ ಜೊತೆಗೆ ನುಡಿಸಿದ ಹಾಗೆ!

"ದುಬೈಗೆ ಹೋಗುವ ನಮ್ಮ ಭಾವ ಈಗ ಬೊಂಬಾಯಿ ಬಸ್ಸಿಗೆ ಹೊರಡ್ತಾರೆ, ಕ್ಯಾಸೆಟ್ ಅವರ ಕೈಯಲ್ಲೇ ಹೋಗಬೇಕು. ಬೇಗ!" ಎಂದ ಶೇಕಬ್ಬ.

ಅವನ ಮನೆಯ ಚಾವಡಿಯಲ್ಲಿ ಟೇಪ್ ತಿರುಗತೊಡಗಿತು. ಮೊದಲ ಸಲ ರೇಮಂಡನ ತಂತಿ ಕಡಿಯಿತು. ಎರಡನೇ ಸಲ ಶೇಕಬ್ಬನಿಗೆ ಸೀನು. ಮೂರನೇ ಸಲ ಖಾಲಿ ಜಾಗದವರೆಗೂ ಸುಖವಾಗಿ ಸಾಗಿತು. ಮೂವರೂ ಉಸಿರು ಬಿಗಿಹಿಡಿದರು.

"ಬಂಗುಡೆ ಉಂಟು, ಬೂತಾಯಿ ಉಂಟು!" ಗೇಟಿನಲ್ಲಿ ಮೀನು ಮಾರುವ ಅಕ್ಕು. "ಎಂತ, ಎಲ್ಲರೂ ಹೀಗೆ ಕೂತದ್ದು? ಯಾರು ತೀರಿಹೋದದ್ದು?"

ಸುಮ್ಮನಿರು ಎಂದು ಗುಣಪಾಲ ಕೈ ಆಡಿಸಿದ. ಅಕ್ಕು ಅದನ್ನು ಕರೆಯೆಂದು ತಿಳಿದು, ಟೇಪಿನ ಪಕ್ಕದಲ್ಲೇ ಬುಟ್ಟಿ ಇಳಿಸಿದಳು.

ಒಳಗಿಂದ ಶೇಕಬ್ಬ, ಕುಂಞಿಯರ ತಾಯಿ ಸಾರಮ್ಮ ಕೂಗಿದರು: "ನಿನ್ನೆಯ ಮೀನು ಬೆಕ್ಕೂ ಮೂಸಲಿಲ್ಲ!"

"ನಿಮ್ಮ ಬೆಕ್ಕಿಗೆ ಮೂಗಿಲ್ಲ ಸಾರಮ್ಮ!"

ಹೊರಗೆ ಭಾವನ ಟ್ಯಾಕ್ಸಿ ಹಾರ್ನ್ ಹೊಡೆಯಿತು. ನಾಲ್ಕನೇ ಸಲಕ್ಕೆ ಸಮಯವಿಲ್ಲ. ಕೊನೆಯ ಭಾಗ ನುಡಿಸಿದ್ದೇ ತಡ, ಬೆಕ್ಕು ಬಂಗುಡೆಯ ಮಾತಿನ ಸಮೇತ ಕ್ಯಾಸೆಟ್ ದುಬೈಗೆ ಹೋಯಿತು.

ಮಳೆಗಾಲ ಕಳೆದ ಮೇಲೆ ಉತ್ತರದ ಕ್ಯಾಸೆಟ್ ಬಂತು. ಗುಣಪಾಲ ಬಟನ್ ಒತ್ತಿದ. ಹಾರ್ಮೋನಿಯಂ ಬಂತು, ಪಿಟೀಲು ಬಂತು, ದಫ್ ಬಂತು. ಖಾಲಿ ಜಾಗ ಬಂತು. ಮೌತ್‌ಆರ್ಗನ್ ಬರಲಿಲ್ಲ. ಅಕ್ಕು ಬಂದಳು, ಸಾರಮ್ಮ ಬಂದರು. ಆಮೇಲೆ ಕುಂಞಿಯ ಸ್ವರ:

"ಗುಣಪಾಲಣ್ಣ, ನುಡಿಸಲಿಕ್ಕೆಂದು ಬಾಯಿಗಿಟ್ಟದ್ದೇ. ಅಷ್ಟರಲ್ಲಿ ಉಮ್ಮ ಮಾತಾಡಿದರು. ಅದರ ಮೇಲೆ ಹೇಗೆ ಊದುವುದು ಹೇಳಿ? ರೂಮಿನವರೆಲ್ಲ ಅಷ್ಟನ್ನೇ ತಿರುಗಿಸಿ ತಿರುಗಿಸಿ ಕೇಳ್ತಾರೆ. ಒಂದು ಉಪಕಾರ ಮಾಡಿ, ಮುಂದಿನ ಕ್ಯಾಸೆಟ್ ಪೂರ್ತಿ ಇಂಥ ಖಾಲಿ ಜಾಗವೇ ಇರಲಿ."

ಮರುದಿನ ಅಕ್ಕು ಚಾವಡಿಯಲ್ಲಿ ಬುಟ್ಟಿ ಇಳಿಸಿ, ತಲೆಕೂದಲು ಸರಿಮಾಡಿಕೊಂಡು, ಟೇಪ್‌ರೆಕಾರ್ಡರಿನ ಎದುರು ಕುಳಿತಳು. ಗುಣಪಾಲನ ಕೈ ತನ್ನಷ್ಟಕ್ಕೇ ಹಾರ್ಮೋನಿಯಂ ಕಡೆ ಸರಿಯಿತು.

"ಎಂತ ಮಾರಾಯ," ಎಂದಳು ಅಕ್ಕು, "ಗಲಾಟೆ ಮಾಡದೆ ಬಟನ್ ಒತ್ತು!"