ಕರೆಂಟ್ ಕಾಯುವ ಕಂಪ್ಯೂಟರು

ಯುಪಿಎಸ್, ಬ್ಯಾಟರಿ ಮಾರುವವನ ಬದುಕಿನಲ್ಲಿ ನಗೆಗೆ ಬರವಿಲ್ಲ. ಕರೆಂಟ್ ಹೋದಾಗೆಲ್ಲ ಏನಾದರೊಂದು ಆಗುತ್ತದೆ, ನಮ್ಮ ಕಡೆ ಕರೆಂಟ್ ಹೋಗದ ದಿನವೇ ಕಡಿಮೆ.

ಕೊಳ್ಳೇಗಾಲದ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಈಗ ಒಂದು ಸರ್ವರ್ ಇದೆ. ಅಂದರೆ ಹಗಲೂ ರಾತ್ರಿ ಆಫ್ ಮಾಡಬಾರದ ಒಂದು ಕಂಪ್ಯೂಟರು. ನಾನು ಮಾರಿದ ಯುಪಿಎಸ್‌ಗಳು ಎಲ್ಲೆಲ್ಲಿವೆಯೋ ಅಲ್ಲಿಂದ ಇಂಟರ್ನೆಟ್ ಮೂಲಕ ಅದಕ್ಕೆ ಸುದ್ದಿ ಬರುತ್ತದೆ: ಕರೆಂಟ್ ಹೋಯಿತು, ಬ್ಯಾಟರಿ ಇಳಿಯಿತು, ಲೋಡ್ ಜಾಸ್ತಿಯಾಯಿತು. ಅದು ನನ್ನ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ಯಾವುದಾದರೂ ಯುಪಿಎಸ್ಸಿನಿಂದ ಸುದ್ದಿಯೇ ನಿಂತುಹೋದರೆ ಕೆಂಪು ಗುರುತಿನ ಮೆಸೇಜು. ಗಿರಾಕಿ ಬಯ್ಯುವ ಮೊದಲೇ ನಾವು ಹೋಗಿ ನಿಲ್ಲಬಹುದು, ಅಷ್ಟೇ ಇದರ ಲಾಭ.

ಇದರ ಮೇಲೆ ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು ಯಳಂದೂರಿನ ಡಾಕ್ಟರಮ್ಮನಿಗೆ. ನನ್ನ ಯುಪಿಎಸ್ಸಿಗೆ ಸಿಕ್ಕಿಸಿದ ಅವರ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಮಕ್ಕಳಿಗೆ ಹಾಕುವ ಲಸಿಕೆ ಇರುತ್ತದೆ, ಬಿಸಿಯಾದರೆ ಬಿಸಾಡಬೇಕು. "ಆಯುಧ ಪೂಜೆವರೆಗೂ ನೋಡ್ತೀನಿ. ಒಂದು ಸಲ ತಪ್ಪಿದ್ರೂ ನಿಮ್ಮ ಡಬ್ಬ ನಿಮಗೇ ವಾಪಸ್ಸು" ಅಂದಿದ್ದರು. ಅವರು ವಾಪಸ್ ಕೊಟ್ಟರೆ ಉಳಿದವರೂ ಕೊಡುತ್ತಾರೆ. ವ್ಯಾಪಾರ ಅಂದರೆ ಹಾಗೇ.

ಹನೂರಿನ ಕಾರ್ಯದರ್ಶಿ

ಸರ್ವರ್ ಸೆಟ್ ಮಾಡಿದವನು ಮಧುವನಹಳ್ಳಿಯ ನಮ್ಮ ಮೆಕ್ಯಾನಿಕ್. ಒಂದೊಂದು ಯುಪಿಎಸ್‌ಗೂ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ಮನೆ ನಂಬರು, ಕೊಟ್ಟು, ಊರಿನ ಹೆಸರು ಹಾಕಿ, ಯಾರಿಗೆ ಮೆಸೇಜ್ ಹೋಗಬೇಕೋ ಅವರ ನಂಬರು ಸೇರಿಸಿದ. ಹನೂರಿನ ಸೊಸೈಟಿ ಕಾರ್ಯದರ್ಶಿ ತಮಗೂ ಬರಲಿ ಅಂತ ಹಟ ಹಿಡಿದು ನಂಬರು ಕೊಟ್ಟರು. ವಾರದೊಳಗೆ ಅವರ ಫೋನು.

"ಸಾ, ಇದುನ್ನ ನಿಲ್ಸಿ."

"ಯಾಕೆ ಸ್ವಾಮಿ, ಸರಿಯಾಗಿ ಬರ್ತಿಲ್ವಾ?"

"ಬತ್ತಾ ಅದೆ. ಕರೆಂಟ್ ಓಯ್ತು ಅಂತ ಬತ್ತದೆ. ಅದು ನಂಗೂ ಗೊತ್ತು ಕಣ್ರಿ, ಕತ್ಲಲ್ಲಿ ಕೂತಿರೋನು ನಾನೇ. ಯಾವಾಗ ಬತ್ತದೆ ಅಂತ ಏಳೋದಾದ್ರೆ ಮಡಗಿ."

ಬ್ಯಾಟರಿ ಅರ್ಧಕ್ಕೆ ಇಳಿದ ಮೇಲೆ ಮಾತ್ರ ಮೆಸೇಜ್ ಹೋಗುವಂತೆ ಮೆಕ್ಯಾನಿಕ್ ಬದಲಾಯಿಸಿದ. ಮೂರನೆಯ ದಿನ ಮತ್ತೆ ಕಾರ್ಯದರ್ಶಿ: "ಏನ್ ಸಾ, ಮೆಸೇಜೇ ಇಲ್ಲ, ಕೆಟ್ಟೋಯ್ತಾ?"

ಅಜ್ಜೀಪುರದ ಹಿಟ್ಟು

ಅಜ್ಜೀಪುರದ ಡೇರಿಯಲ್ಲಿ ಹಾಲು ಪರೀಕ್ಷೆಯ ಮಿಷನ್ನಿಗೂ ಕಂಪ್ಯೂಟರಿಗೂ ಸೇರಿ ಒಂದು ಯುಪಿಎಸ್ ಇದೆ. ಸಂಜೆಯಾದರೆ ಸಾಕು, ಅಲ್ಲಿಂದ ಓವರ್‌ಲೋಡ್ ಅಂತ ಮೆಸೇಜು. ಸೆಟ್ಟಿಂಗೇ ತಪ್ಪಿರಬೇಕು ಅಂತ ಮೆಕ್ಯಾನಿಕ್ ಅದನ್ನು ತಿದ್ದಿ ತಿದ್ದಿ ಸೋತ. ಕೊನೆಗೆ ನಾನೇ ಹೋದೆ. ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವ ಅಕ್ಕ ಯುಪಿಎಸ್ಸಿನ ಪ್ಲಗ್ಗಿಗೆ ಮನೆಯ ಗ್ರೈಂಡರ್ ಸಿಕ್ಕಿಸಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದರು.

"ಅಕ್ಕಾ, ಇದು ಕಂಪ್ಯೂಟರಿಗೆ ಕೊಟ್ಟಿರೋದು."

"ಮನೇಲಿ ಕರೆಂಟ್ ಇಲ್ಲ ಕಣಣ್ಣ, ಇಲ್ಲಿ ಅದೆ. ಅಲ್ಲಾ, ಕೊಳ್ಳೇಗಾಲದಲ್ಲಿ ಕೂತ್ಕಂಡು ನಮ್ಮ ಇಟ್ಟು ನೋಡ್ತಾ ಇದ್ರಾ?"

ನಾಚಿಕೊಂಡರು, ಇನ್ನು ಮಾಡಲಿಕ್ಕಿಲ್ಲ ಅಂದುಕೊಂಡೆ. ಮುಂದಿನ ಸೋಮವಾರ ಅವರದೇ ಫೋನು, ಹಿಂದೆ ಬಸ್ಸಿನ ಸದ್ದು.

"ಅಣ್ಣಾ, ಮಾದಪ್ಪನ ಬೆಟ್ಟಕ್ಕೆ ಒಂಟಿದ್ದೀವಿ. ಡೇರೀಲಿ ಗ್ರೈಂಡರ್ ಆಫ್ ಮಾಡುದ್ನೋ ಇಲ್ವೋ ಗ್ಯಾಪ್ಕ ಇಲ್ಲ. ವಸಿ ನೋಡ್ಬುಟ್ಟು ಏಳಿ."

ನೋಡಿ ಹೇಳಿದೆ. ಆಫ್ ಆಗಿತ್ತು.

ಆಯುಧ ಪೂಜೆ

ಡಾಕ್ಟರಮ್ಮ ಕೊಟ್ಟ ಗಡುವಿನ ದಿನ ಬೆಳಿಗ್ಗೆ ಮೊಬೈಲ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಹನೂರು ಕೆಂಪು, ಅಜ್ಜೀಪುರ ಕೆಂಪು, ಯಳಂದೂರೂ ಕೆಂಪು.

"ಸರ್ವರ್‌ಗೆ ತಲೆ ಕೆಟ್ಟೋಯ್ತು ಸಾ" ಅಂದ ಮೆಕ್ಯಾನಿಕ್.

ಹನೂರಿಗೆ ಫೋನ್ ಮಾಡಿದೆ. "ಪೂಜೆ ಸಾ. ಆಫ್ ಮಾಡಿ, ಒರ್ಸಿ, ಕುಂಕುಮ ಇಟ್ಟಿದ್ದೀವಿ. ಇವತ್ತು ಅದುಕ್ಕೂ ರಜಾ" ಅಂದರು ಕಾರ್ಯದರ್ಶಿ. ಅಜ್ಜೀಪುರದಲ್ಲೂ ಅದೇ.

"ಅಂಗಾರೆ ಯಳಂದೂರೂ ಪೂಜೇನೇ. ಎಲ್ಲಾ ಅಲಾರಂದೂ ಬಾಯ್ ಮುಚ್ಚುಸ್ಬುಡ್ತೀನಿ" ಅಂತ ಮೆಕ್ಯಾನಿಕ್ ಕೈ ಹಾಕಿದ.

"ತಡೀಲಾ" ಅಂದೆ. ಬರೀ ಊಹೆಯಿಂದ ಅಂಗಡಿ ಮುಚ್ಚಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಡಾಕ್ಟರಮ್ಮ ಫೋನ್ ಎತ್ತಿದರು. "ಲಸಿಕೆ ಫ್ರಿಜ್ಜನ್ನ ಯಾರಾದ್ರೂ ಆಫ್ ಮಾಡ್ತಾರೇನ್ರೀ, ಚೆನ್ನಾಗಿ ಹೇಳಿದ್ರಿ" ಅನ್ನುತ್ತಲೇ ಒಳಗೆ ಹೋದರು. ಆಮೇಲೆ ಅವರ ದನಿ ಏರಿತು. ಯುಪಿಎಸ್ ಆಫ್ ಆಗಿ, ಚೆಂಡು ಹೂವಿನ ಹಾರ ಹಾಕಿಕೊಂಡು ಕೂತಿತ್ತಂತೆ. ಕ್ಲಿನಿಕ್ಕಿನ ಆಯಾ ಹೇಳಿದ್ದು ನನಗೂ ಕೇಳಿಸಿತು: "ಕರೆಂಟ್ ಓದಾಗೆಲ್ಲ ಅದೊಂದೇ ದುಡೀತದೆ ಕಣವ್ವ. ವರ್ಸಕ್ಕೊಂದಿನ ಕೂತ್ಕಳ್ಳಿ ಅಂತ ನಾನೇ ಆರುಸ್ದೆ."

ಪುಣ್ಯಕ್ಕೆ ಆರಿಸಿ ಬಹಳ ಹೊತ್ತಾಗಿರಲಿಲ್ಲ. ಫ್ರಿಜ್ಜಿನೊಳಗೆ ಇನ್ನೂ ತಣ್ಣಗಿತ್ತು, ಲಸಿಕೆ ಉಳಿಯಿತು. "ನಮ್ಮ ಕ್ಲಿನಿಕ್ಕಿನೊಳಗಿನದು ನನಗಿಂತ ಮೊದಲು ನಿಮಗೆ ಗೊತ್ತಾಯ್ತಲ್ಲ. ಡಬ್ಬ ಇಲ್ಲೇ ಇರಲಿ" ಅಂದರು ಡಾಕ್ಟರಮ್ಮ. ನನಗೆ ಹೋದ ಜೀವ ಬಂತು.

ಆಮೇಲೆ ಸಂಜೆವರೆಗೂ ಮೊಬೈಲ್ ತೆಪ್ಪಗಿತ್ತು. ಕೆಂಪಿಲ್ಲ, ಸದ್ದಿಲ್ಲ. ಸೆಟ್ಟಿಂಗ್ ಅಂದರೆ ಹೀಗಿರಬೇಕು ಅಂತ ಮೆಕ್ಯಾನಿಕ್ಕಿನ ಬೆನ್ನು ತಟ್ಟಿ ಸಿಹಿ ಕೊಟ್ಟು ಕಳಿಸಿದೆ. ದೀಪ ಹಚ್ಚುವ ಹೊತ್ತಿಗೆ ಹಿಂದಿನ ಕೋಣೆಗೆ ಹೋಗಿ ನೋಡುತ್ತೇನೆ: ಸರ್ವರಿನ ಹಣೆಗೆ ಕುಂಕುಮ, ತಲೆಗೆ ಹೂವು, ಮುಂದೆ ಒಡೆದ ತೆಂಗಿನಕಾಯಿ, ಪ್ಲಗ್ಗು ನೆಲದ ಮೇಲೆ. ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಕರ್ಪೂರದ ತಟ್ಟೆ.

"ನೀವು ಡಾಕ್ಟರಮ್ಮನ ಹತ್ರ ಮಾತು ಮುಗಿಸಿ ಎದ್ರಲ್ಲ, ಆಗಲೇ ಕಿತ್ತಿಟ್ಟೆ. ಊರೋರ ಡಬ್ಬಕ್ಕೆಲ್ಲ ರಜಾ, ನಮ್ಮದೊಂದು ಮಾತ್ರ ದುಡೀಬೇಕಾ? ಬನ್ನಿ, ಮಂಗಳಾರತಿ ತಗೊಳ್ಳಿ."

ಸದ್ಯ, ಮಾತು ಮುಗಿಯುವವರೆಗಾದರೂ ಕಾದಳಲ್ಲ ಅಂತ ಎರಡೂ ಕೈ ಚಾಚಿ ತಗೊಂಡೆ.